ಲ್ಯಾಂಬ್ಡಾಕ್ಕೆ ಎಷ್ಟು ಯೂನಿಟ್?

12 ಜನವರಿ 2025, ಭಾನುವಾರ

ಇವತ್ತು ಮಧ್ಯಾಹ್ನವೆಲ್ಲ ಲ್ಯಾಂಬ್ಡಾ ಜೊತೆಯೇ ಕಳೆಯಿತು. ಅದೇ, 1917ರಲ್ಲಿ ಐನ್‌ಸ್ಟೈನ್ ತಮ್ಮ ಗುರುತ್ವದ ಸಮೀಕರಣಕ್ಕೆ ಸೇರಿಸಿದ ವಿಶ್ವಸ್ಥಿರಾಂಕ (Λ), ಖಾಲಿ ಜಾಗ ತಾನಾಗಿ ಎಷ್ಟು ಬಾಗಿದೆ ಅಂತ ಹೇಳುವ ಸಂಖ್ಯೆ. ಒಂದು ಕಡೆ ಅದರ ಬೆಲೆ ಚದರ ಮೀಟರ್‌ಗೆ 1.1 × 10⁻⁵² ಅಂತ ಇರುತ್ತದೆ, ಇನ್ನೊಂದು ಕಡೆ ಮೀಟರ್ ಹೋಗಿ ಸೆಕೆಂಡಿನ ವರ್ಗ ಬಂದು 10⁻³⁵ ಆಗಿರುತ್ತದೆ, ಮತ್ತೊಂದು ಕಡೆ ಯೂನಿಟ್ಟೇ ಇಲ್ಲದೆ 10⁻¹²². ಗಾಬರಿ ಬೇಡ. ಮೊದಲನೆಯದನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿದರೆ ಎರಡನೆಯದು, ಪ್ಲ್ಯಾಂಕ್ ಉದ್ದದ (ಭೌತಶಾಸ್ತ್ರದಲ್ಲಿ ಬಳಸುವ ಅತಿ ಚಿಕ್ಕ ಉದ್ದದ ಅಳತೆ) ವರ್ಗದಿಂದ ಗುಣಿಸಿದರೆ ಮೂರನೆಯದು, ಅಷ್ಟೇ.

ನನಗೆ ಇಷ್ಟ ಮೊದಲನೆಯದೇ. ಚದರ ಮೀಟರ್‌ಗೆ ಅಂದ ತಕ್ಷಣ ನೆಲದ ಮೇಲೆ ಏನನ್ನೋ ಹರಡಿದ ಹಾಗೆ ಅನಿಸುತ್ತದೆ, ಅಲ್ವಾ? ಹಾಗಲ್ಲ, ಇದು ವಕ್ರತೆಯ ಯೂನಿಟ್. R ತ್ರಿಜ್ಯದ ಗೋಳದ ಮೇಲ್ಮೈಯ ವಕ್ರತೆ 1/R². ಲ್ಯಾಂಬ್ಡಾವನ್ನು ತಲೆಕೆಳಗು ಮಾಡಿ ವರ್ಗಮೂಲ ತೆಗೆದರೆ ಸುಮಾರು 1,000 ಕೋಟಿ ಜ್ಯೋತಿರ್ವರ್ಷ ಬರುತ್ತದೆ. ಖಾಲಿ ಜಾಗ ತಾನಾಗಿ ಬಾಗಿರುವುದು ಇಷ್ಟು ದೊಡ್ಡ ಅಳತೆಯಲ್ಲಿ.

ಐನ್‌ಸ್ಟೈನ್ ಸಮೀಕರಣದಲ್ಲಿ ಎಡಗಡೆ ವಕ್ರತೆ, ಬಲಗಡೆ ವಸ್ತು ಮತ್ತು ಶಕ್ತಿ. ಲ್ಯಾಂಬ್ಡಾವನ್ನು ಬಲಗಡೆಗೆ ದಾಟಿಸಿದರೆ ಖಾಲಿ ಜಾಗದ ಶಕ್ತಿ ಅನ್ನಬಹುದು. c⁴/8πG ಇಂದ ಗುಣಿಸಿ (c ಬೆಳಕಿನ ವೇಗ, G ಗುರುತ್ವ ಸ್ಥಿರಾಂಕ): ಘನ ಮೀಟರ್‌ಗೆ ಸುಮಾರು 5 × 10⁻¹⁰ ಜೂಲ್. ದ್ರವ್ಯರಾಶಿಯ ಲೆಕ್ಕದಲ್ಲಿ ಮೂರೂವರೆ ಪ್ರೋಟಾನ್. ಸುಮ್ನೆ ಕುತೂಹಲಕ್ಕೆ ಭೂಮಿಯಷ್ಟು ಗಾತ್ರದ ಜಾಗಕ್ಕೆ ಲೆಕ್ಕ ಹಾಕಿದೆ, ಬಂದಿದ್ದು 6 ಮಿಲಿಗ್ರಾಂ ಚಿಲ್ಲರೆ! ಎಡಗಡೆ ಇಟ್ಟರೂ ಬಲಗಡೆ ಇಟ್ಟರೂ ಗಣಿತ ಒಂದೇ, ಆದರೆ 'ಶಕ್ತಿ' ಅಂದಾಗ ನಾವು ಅಳೆದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಹೇಳಿದ ಹಾಗಾಗುತ್ತದೆ ಅಂತ ನನ್ನ ಅನಿಸಿಕೆ.

ಶಕ್ತಿ ಇದ್ದರೆ ಎಳೆಯಬೇಕಲ್ಲ, ತಳ್ಳುವುದು ಹೇಗೆ? ಜಾಗ ಹಿಗ್ಗಿದರೂ ಈ ಶಕ್ತಿಯ ಸಾಂದ್ರತೆ ತೆಳುವಾಗುವುದಿಲ್ಲ, ಹಾಗಾಗಿ ಇದರ ಒತ್ತಡ ಋಣ, ಅಳತೆಯಲ್ಲಿ ಸಾಂದ್ರತೆಯಷ್ಟೇ. ಗುರುತ್ವ ಬರೀ ಸಾಂದ್ರತೆ ನೋಡುವುದಿಲ್ಲ, ಒತ್ತಡವನ್ನೂ ಮೂರು ಪಟ್ಟು ಸೇರಿಸಿಕೊಳ್ಳುತ್ತದೆ. ಒಂದರಲ್ಲಿ ಮೂರು ಕಳೆದರೆ ಮೈನಸ್ ಎರಡು. ಎಳೆತ ಹೋಗಿ ತಳ್ಳಾಟ ಆಯಿತು.

ಈ ತಳ್ಳುವಿಕೆ ದೂರದ (r) ಜೊತೆ ಬೆಳೆಯುತ್ತದೆ: Λc²r/3. ಭೂಮಿ-ಸೂರ್ಯರ ದೂರಕ್ಕೆ ಹಾಕಿದರೆ 5 × 10⁻²⁵ ಮೀ/ಸೆ², ಅಲ್ಲಿ ಸೂರ್ಯನ ಎಳೆತ 0.006, ಯಾವ ಮೂಲೆಗೂ ಸಾಲದು. ವಿಶ್ವದಲ್ಲಿ ಸೂರ್ಯನೊಬ್ಬನೇ ಇದ್ದಿದ್ದರೆ ಸುಮಾರು 360 ಜ್ಯೋತಿರ್ವರ್ಷ ದೂರದಲ್ಲಿ ಎರಡೂ ಸಮ ಆಗುತ್ತಿದ್ದವು. ಆದರೆ ಅಷ್ಟರೊಳಗೆ ನಕ್ಷತ್ರಗಳು ಕಿಕ್ಕಿರಿದಿವೆಯಲ್ಲ, ಅದಕ್ಕೇ ನಮ್ಮ ಗ್ಯಾಲಕ್ಸಿಯೊಳಗೆ ಇದರ ಸುಳಿವೇ ಸಿಗುವುದಿಲ್ಲ. 1998ರಲ್ಲಿ ಅದು ಸಿಕ್ಕಿದ್ದು ನೂರಾರು ಕೋಟಿ ಜ್ಯೋತಿರ್ವರ್ಷ ಆಚೆ ಸಿಡಿದ ನಕ್ಷತ್ರಗಳಲ್ಲಿ, ಅಂದರೆ ಸೂಪರ್‌ನೋವಾಗಳಲ್ಲಿ.