ಹಿನ್ನೆಲೆ ಸಂಗೀತವೆಲ್ಲ ಒಂದೇ ಥರ ಕೇಳಿಸುವುದೇಕೆ?

ಈಗಿನ ದೊಡ್ಡ ಬಜೆಟ್ಟಿನ ಸಿನಿಮಾ ನೋಡಿ ಬಂದವರಿಗೆ ಅದರ ಹಿನ್ನೆಲೆ ಸಂಗೀತ ಗುನುಗಿ ಅಂದರೆ ಹೆಚ್ಚಿನವರ ಬಾಯಿಗೆ ಏನೂ ಬರುವುದಿಲ್ಲ. ಸಂಗೀತ ನಿರ್ದೇಶಕರ ಸರಕು ಮುಗಿದಿದೆ ಎಂದು ಬಯ್ಯುವುದು ಸುಲಭ. ಆದರೆ ಎಷ್ಟೋ ಸಲ ಅವರು ಕೀಬೋರ್ಡ್ ಮುಟ್ಟುವ ಮೊದಲೇ ಎಡಿಟಿಂಗ್ ಕೋಣೆಯಲ್ಲಿ ಎಲ್ಲ ತೀರ್ಮಾನವಾಗಿರುತ್ತದೆ. ಕಾರಣ, ಟೆಂಪ್ ಟ್ರ್ಯಾಕ್.

ಸಂಗೀತವಿಲ್ಲದ ರಫ್ ಕಟ್ (ಸಿನಿಮಾದ ಮೊದಲ ಕಚ್ಚಾ ಜೋಡಣೆ) ಸಪ್ಪೆ ಅನಿಸುತ್ತದೆಂದು ಎಡಿಟರ್ ಬೇರೆ ಸಿನಿಮಾಗಳ ಸಂಗೀತವನ್ನು ತಾತ್ಕಾಲಿಕವಾಗಿ ಟೈಮ್‌ಲೈನಿಗೆ ಹಾಕುತ್ತಾರೆ. ನಿರ್ದೇಶಕರು, ನಿರ್ಮಾಪಕರು ತಿಂಗಳುಗಟ್ಟಲೆ ಅದನ್ನೇ ಕೇಳುತ್ತಾರೆ. ಪ್ರೇಕ್ಷಕರ ಅಭಿಪ್ರಾಯ ಪಡೆಯಲು ನಡೆಸುವ ಪ್ರದರ್ಶನಕ್ಕೂ ಸಾಮಾನ್ಯವಾಗಿ ಅದೇ ಇರುತ್ತದೆ. ಕಿವಿ ಒಗ್ಗಿಹೋದ ಮೇಲೆ ಸಂಗೀತ ನಿರ್ದೇಶಕರಿಗೆ ಸಿಗುವ ಸೂಚನೆ ಒಂದೇ: ‘ಹೆಚ್ಚುಕಮ್ಮಿ ಹೀಗೇ ಇರಲಿ.’

ಬೇರೆ ಥರ ಮಾಡಲು ಹೊರಟರೂ ಲೆಕ್ಕ ಅಡ್ಡ ಬರುತ್ತದೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮಿನಂತೆ, ಅಂದರೆ 24 ಬಿಡಿಚಿತ್ರ. ಟೆಂಪ್ ಸಂಗೀತದ ಗತಿ ನಿಮಿಷಕ್ಕೆ 120 ಬೀಟ್ ಇದ್ದರೆ ಒಂದು ಬೀಟಿಗೆ ಸರಿಯಾಗಿ 12 ಫ್ರೇಮ್, ನಾಲ್ಕಕ್ಕೆ 48. ಎಡಿಟರ್ ಆ 48ಕ್ಕೆ ಕಟ್ ಇಟ್ಟಿರುತ್ತಾರೆ, ಅಂದರೆ ಶಾಟ್ ಅಲ್ಲಿ ಬದಲಾಗುತ್ತದೆ. ದೃಶ್ಯಕ್ಕೆ 100ರ ಗತಿಯೇ ಸರಿ ಎಂದು ಸಂಗೀತ ನಿರ್ದೇಶಕರಿಗೆ ಅನಿಸಿತು ಅನ್ನಿ. ಆಗ ಬೀಟಿಗೆ 14.4 ಫ್ರೇಮ್, ಮೂರನೆಯದು 43.2ಕ್ಕೆ ಬೀಳುತ್ತದೆ, ನಾಲ್ಕನೆಯದು 57.6ಕ್ಕೆ. ಕಟ್ಟಿಗೆ ಯಾವುದೂ ಕೂರುವುದಿಲ್ಲ. ಕಟ್ ಸರಿಸೋಣವೆಂದರೆ ಅಷ್ಟು ಹೊತ್ತಿಗೆ ಗ್ರಾಫಿಕ್ಸ್ ಶಾಟ್‌ಗಳು ಅದೇ ಉದ್ದಕ್ಕೆ ತಯಾರಾಗುತ್ತಿರುತ್ತವೆ. ಹಳೆಯ ಗತಿಗೇ ಮರಳುವುದು ಎಲ್ಲರಿಗೂ ಸಲೀಸು.

ರಾಗ ಕಾಣೆಯಾಗುವುದೂ ಇಲ್ಲೇ. ಟೆಂಪ್‌ಗೆ ಬಳಸುವ ತುಣುಕನ್ನು ಎಲ್ಲಿ ಬೇಕಾದರೂ ಕತ್ತರಿಸಲು ಬರಬೇಕು, ಸಂಭಾಷಣೆಯ ಕೆಳಗೆ ತೆಪ್ಪಗಿರಬೇಕು. ಆದಿ, ಅಂತ್ಯ ಇರುವ ರಾಗವನ್ನು ನಡುವೆ ಕತ್ತರಿಸಿದರೆ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಆಯ್ಕೆಯಾಗುವುದು ಒಂದೇ ಮಾದರಿಯನ್ನು ಮತ್ತೆ ಮತ್ತೆ ಉಜ್ಜುವ ಪಿಟೀಲುಗಳು, ಎಳೆದ ಮಂದ್ರಸ್ವರಗಳು, ಡ್ರಮ್ಮಿನ ಗುಡುಗು. ಇವುಗಳ ನಕಲಿಗೆ ಕಾನೂನಿನ ಭಯವೂ ಕಡಿಮೆ: ಕದ್ದ ರಾಗ ಬೇಗ ಸಿಕ್ಕಿಬೀಳುತ್ತದೆ, ಲಯ ಮತ್ತು ವಾದ್ಯಗಳ ಜೋಡಣೆಯ ಮೇಲೆ ಹಕ್ಕು ಸಾಧಿಸುವುದು ಕಷ್ಟ. ಹೀಗೆ ಮಾಡಿದ ನಕಲೇ ಮುಂದಿನ ಸಿನಿಮಾದ ಟೆಂಪ್ ಆಗುತ್ತದೆ.

ಅತಿಯಾದಾಗ ಬಯಲಾಗುವುದೂ ಉಂಟು. ‘300’ ಚಿತ್ರದ ಸಂಗೀತದ ಹಲವು ಭಾಗಗಳು ‘ಟೈಟಸ್’ ಚಿತ್ರಕ್ಕೆ ಎಲಿಯಟ್ ಗೋಲ್ಡನ್‌ಥಾಲ್ ಮಾಡಿದ್ದ ಸಂಗೀತದಿಂದ ಬಂದವು ಎಂದು ಸ್ಟುಡಿಯೊ ವಾರ್ನರ್ ಬ್ರದರ್ಸ್ ಬಹಿರಂಗವಾಗಿ ಒಪ್ಪಿಕೊಂಡಿತು. ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಂತೂ ಅಲೆಕ್ಸ್ ನಾರ್ತ್ ಮಾಡಿದ್ದ ಸಂಗೀತವನ್ನು ಕೈಬಿಟ್ಟು ನಿರ್ದೇಶಕ ಕುಬ್ರಿಕ್ ಟೆಂಪ್‌ನಲ್ಲಿದ್ದ ಶಾಸ್ತ್ರೀಯ ಕೃತಿಗಳನ್ನೇ ಉಳಿಸಿಕೊಂಡರು. ಫಲ ಅದ್ಭುತ, ನಿಜ; ಆದರೆ ಟೆಂಪ್‌ಗೆ ಅಂಟಿಕೊಳ್ಳುವವರೆಲ್ಲ ಕುಬ್ರಿಕ್ ಅಲ್ಲ.

ಕೆಲಸದ ಕ್ರಮ ತಿರುಗಿಸುವುದೇ ಮದ್ದು. ನಿರ್ದೇಶಕ ಸೆರ್ಜಿಯೊ ಲಿಯೋನೆ 1968ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ಗೆ ಎನ್ನಿಯೊ ಮೊರಿಕೋನೆಯಿಂದ ಮೊದಲೇ ಸಂಗೀತ ಮಾಡಿಸಿ ಚಿತ್ರೀಕರಣದಲ್ಲಿ ನುಡಿಸುತ್ತಿದ್ದರು. ‘ಜೋಕರ್’ನ (2019) ಶೌಚಾಲಯದ ನೃತ್ಯ ಹುಟ್ಟಿದ್ದು ಹಿಲ್ದುರ್ ಗುಡ್ನಡೋಟ್ಟಿರ್ ಮೊದಲೇ ರಚಿಸಿದ್ದ ಚೆಲ್ಲೊ ಸಂಗೀತವನ್ನು ಸೆಟ್‌ನಲ್ಲಿ ಕೇಳಿಸಿದಾಗ.

ನಿರ್ದೇಶಕರೇ, ಸಂಗೀತ ನಿರ್ದೇಶಕರಿಗೆ ಚಿತ್ರಕಥೆ ಓದಿಸಿ, ಶೂಟಿಂಗ್‌ಗೆ ಮೊದಲೇ ಮೂರು-ನಾಲ್ಕು ನಿಮಿಷದ ಐದಾರು ತುಣುಕು ಮಾಡಿಸಿಕೊಳ್ಳಿ. ದೃಶ್ಯದ ಅಳತೆಗೆ ಬೇಡ, ಪಾತ್ರಕ್ಕೆ, ಜಾಗಕ್ಕೆ. ಟೆಂಪ್ ಹಾಕಲೇಬೇಕಾದರೆ ಅವನ್ನೇ ಹಾಕಿ. ತಂತಿ, ತಾಳ, ಗಾಳಿವಾದ್ಯಗಳನ್ನು ಬೇರೆ ಬೇರೆ ಫೈಲಿನಲ್ಲಿ ಪಡೆದರೆ ಮಾತಿನ ಕೆಳಗೆ ಒಂದೊಂದನ್ನೇ ತಗ್ಗಿಸಬಹುದು. ಮೊದಲ ಕಟ್ ಮಾತ್ರ ಸಂಗೀತವಿಲ್ಲದೆ ನೋಡಿ. ಬೇಸರವಾದ ಕಡೆ ದೃಶ್ಯವೇ ಉದ್ದವಾಗಿರುವುದು ಹೆಚ್ಚು, ಸಂಗೀತ ಅದನ್ನು ಮುಚ್ಚಿಡುತ್ತದಷ್ಟೆ. ಮೊದಲೇ ಮಾಡಿಸಿದ್ದರಲ್ಲಿ ಕೆಲವು ವ್ಯರ್ಥವಾಗುವುದು ಖಂಡಿತ. ನಿರ್ಮಾಪಕರ ಬಜೆಟ್ ಪಟ್ಟಿಯಲ್ಲಿ ಅದಕ್ಕೂ ಒಂದು ಸಾಲು ಬರೆಸಿಡಿ, ಆಮೇಲೆ ಕೇಳಿದರೆ ಕೊಡುವುದಿಲ್ಲ.