ಗ್ರಾಬೆನ್ ಬೀದಿಯ ಹರಕೆ

ವಿಯೆನ್ನಾದಲ್ಲಿ ನನಗೆ ಸಿಕ್ಕಿದ್ದು ಒಂದೇ ದಿನ. ಅದರಲ್ಲಿ ಮುಕ್ಕಾಲು ಗಂಟೆ ಗ್ರಾಬೆನ್ ಬೀದಿಯ ಪ್ಲೇಗ್ ಕಂಬದ ಮುಂದೆಯೇ ಕಳೆದುಹೋಯಿತು. ಊರಿನ ಒಂದನೇ ಜಿಲ್ಲೆ, ಎರಡೂ ಬದಿ ದುಬಾರಿ ಅಂಗಡಿಗಳು, ನಡುವೆ ಇದು. ಕಂಬ ಅನ್ನೋದು ಹೆಸರಿಗಷ್ಟೇ. ಹಾಲುಕ್ಕಿದ ಹಾಗೆ ಕಲ್ಲಿನ ಮೋಡಗಳು ಮೇಲೇರಿವೆ, ಸಂದಿಗಳಲ್ಲೆಲ್ಲ ದೇವದೂತರು, ತುದಿಯಲ್ಲಿ ಹೊಳೆಯುವ ಚಿನ್ನದ ಲೇಪ.

1679ರಲ್ಲಿ ಪ್ಲೇಗು ಬಡಿದಾಗ ಚಕ್ರವರ್ತಿ ಒಂದನೇ ಲಿಯೋಪೋಲ್ಡ್ ರಾಜಧಾನಿ ಬಿಟ್ಟು ಹೋಗಿದ್ದ. ಮಾರಿ ತೊಲಗಿದರೆ ಕಂಬ ನಿಲ್ಲಿಸುತ್ತೇನೆ ಅಂತ ಹರಕೆ ಹೊತ್ತ. ಮೊದಲು ಮರದ್ದೊಂದು ಎದ್ದಿತು. ಕಲ್ಲಿನದ್ದು ಅಷ್ಟು ಸಲೀಸಾಗಲಿಲ್ಲ: 1683ರಲ್ಲಿ ತುರ್ಕರ ಮುತ್ತಿಗೆ, 1686ರಲ್ಲಿ ಶಿಲ್ಪಿ ರೌಖ್‌ಮಿಲ್ಲರ್ ತೀರಿಕೊಂಡ. ಕೊನೆಗೆ ಫಿಷರ್ ಫಾನ್ ಎರ್ಲಾಖ್, ಪೌಲ್ ಸ್ಟ್ರುಡೆಲ್ ಮುಂತಾದವರು ಸೇರಿ 1693ರಲ್ಲಿ ಮುಗಿಸಿದರು. ಇದರ ರೂಪ ಕಟ್ಟಿಕೊಟ್ಟವರಲ್ಲಿ ಬುರ್ನಚೀನಿ ಅನ್ನುವವನು ಆಸ್ಥಾನದ ನಾಟಕಗಳಿಗೆ ರಂಗಸಜ್ಜಿಕೆ ಮಾಡುತ್ತಿದ್ದವನು. ಆ ಮೋಡಗಳು ಎಲ್ಲಿಂದ ಬಂದವು ಅನ್ನೋದು ನನಗಾಗ ಹೊಳೆಯಿತು.

ನನ್ನ ಕಣ್ಣು ಮಾತ್ರ ಬುಡದಲ್ಲೇ ನೆಟ್ಟಿತ್ತು. ಮಂಡಿಯೂರಿದ ಲಿಯೋಪೋಲ್ಡ್, ಅವನ ಮುಂಚಾಚಿದ ದವಡೆಯನ್ನೂ ಮುಚ್ಚಿಡದೆ ಕೆತ್ತಿದ್ದಾರೆ. ಅವನ ಕೆಳಗೆ ಶಿಲುಬೆ ಹಿಡಿದ ಹೆಂಗಸು, ಅವಳು ನಂಬಿಕೆ. ಪಕ್ಕದಲ್ಲಿ ಪಂಜು ಹಿಡಿದ ರೆಕ್ಕೆಯ ಮಗು. ಇಬ್ಬರೂ ಒಬ್ಬ ಮುದುಕಿಯನ್ನು ಕೆಳಕ್ಕೆ ತಳ್ಳುತ್ತಿದ್ದಾರೆ. ಬತ್ತಿ ಜೋತ ಮೊಲೆ, ಮುಗ್ಗರಿಸಿ ಬೀಳುತ್ತಿರುವ ಮೈ. ಅವಳೇ ಪ್ಲೇಗು.

ನನ್ನ ಅಜ್ಜಿ ಹೇಳುತ್ತಿದ್ದಳು, ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಊರಿಗೆ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರಂತೆ. ರಾಜನೂ ಅದನ್ನೇ ಮಾಡಿದ್ದು. ಆದರೆ 1898ರಲ್ಲಿ ಬೆಂಗಳೂರಿಗೆ ಇದೇ ರೋಗ ಬಂದಾಗ ನಮ್ಮವರು ಅದನ್ನು ಅಮ್ಮ ಅಂತ ಕರೆದರು. ಪ್ಲೇಗ್ ಮಾರಮ್ಮನಿಗೆ ಗುಡಿ ಕಟ್ಟಿದರು. ಅರಿಶಿನ, ಬೇವಿನ ಸೊಪ್ಪು, ಮೊಸರನ್ನ. ತಣ್ಣಗಾಗಿ ಹೋಗಿ ಬಾರಮ್ಮ ಅನ್ನುವ ಜನ ನಾವು. ಅದಕ್ಕೇ ಇರಬೇಕು, ಆ ಕಲ್ಲಿನ ಮುದುಕಿಯನ್ನು ನೋಡಿ ನನಗೆ ಕರುಳು ಚುರುಕ್ ಅಂತು.

ಕೊರೋನಾ ಕಾಲದಲ್ಲಿ ವಿಯೆನ್ನಾದ ಜನ ಇದೇ ಕಂಬದ ಬುಡದಲ್ಲಿ ಮೇಣದಬತ್ತಿ ಹಚ್ಚಿ, ಮಕ್ಕಳು ಬರೆದ ಚಿತ್ರಗಳನ್ನು ಇಟ್ಟಿದ್ದರು. ನಾನು ಹೋದಾಗ ಬುಡ ಬರಿದಾಗಿತ್ತು.

ವಿಡಿಯೋ ಕಾಲ್ ಮಾಡಿ ಅಮ್ಮನಿಗೆ ತೋರಿಸಿದೆ. ಚಿನ್ನ, ದೇವದೂತರು ಯಾವುದೂ ಅವಳಿಗೆ ಬೇಕಾಗಲಿಲ್ಲ.

"ಆ ಬೀಳ್ತಿರೋಳನ್ನ ಇನ್ನೊಂದ್ಸಲ ತೋರ್ಸು" ಅಂದಳು. ಫೋನನ್ನು ಹತ್ತಿರ ಹಿಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ಆಯಮ್ಮಂಗೆ ಯಾರೂ ಒಂದು ಹೂವೂ ಇಡಲ್ವೇನೋ?"