ಬಂಗಾರ ಆಮೇಲೆ, ಮೊದಲು ನೀರಿನ ಲೆಕ್ಕ

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಬಂಗಾರ ಹುಡುಕುವ ಹುಚ್ಚು ಇರುವವರಿಗೆ ಸೀಸನ್ ಅಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್. ಡಿಸೆಂಬರ್, ಜನವರಿ ಇಲ್ಲಿನ ಬೇಸಿಗೆ. ಒಳನಾಡಿನಲ್ಲಿ 40 ಡಿಗ್ರಿ ದಾಟುವುದು ಆಗ ಮಾಮೂಲು. ಚಳಿಗಾಲ ಹಾಗಲ್ಲ. ಕಾಲ್ಗೂರ್ಲಿಯಲ್ಲಿ ಜುಲೈ ತಿಂಗಳ ಹಗಲು ಸರಾಸರಿ 17 ಡಿಗ್ರಿ, ರಾತ್ರಿ 5. ದಿನವಿಡೀ ನಡೆಯೋಕೆ ಹೇಳಿ ಮಾಡಿಸಿದ ಹವೆ. ಅದಕ್ಕೇ ಹೊಸಬರು ಬಿಸಿಲಿಗಷ್ಟೇ ಹೆದರುತ್ತಾರೆ. ಜುಲೈ ಅಂದರೆ ಏನೂ ಯೋಚನೆ ಇಲ್ಲ ಅಂದುಕೊಳ್ಳುತ್ತಾರೆ. ನನ್ನ ಭಾವ ಹೆದರುವುದು ಮಳೆಗೆ.

"ನೋಡಪಾ, ಬಿಸಿಲು ಬಿದ್ರ ನೆರಳಿಗೆ ಕೂಡಬಹುದು. ಮಳಿ ಬಂದ್ರ ಗಾಡಿ ಯಾವ ಕಡೆ ಹೊಡಿತಿ?" ಅಂತ ಕೇಳುತ್ತಾರೆ.

ಭಾವನ ಊರು ರಾಯಚೂರು ಜಿಲ್ಲೆಯ ಹಟ್ಟಿ. ಚಿನ್ನದ ಗಣಿಯ ಊರಲ್ಲೇ ಹುಟ್ಟಿ ಬೆಳೆದವರು. ಅಲ್ಲಿ ಬಂಗಾರ ಅಂದರೆ ಸಾವಿರಾರು ಅಡಿ ಕೆಳಗೆ ಇಳಿದು, ಕಲ್ಲು ಒಡೆದು, ಪುಡಿ ಮಾಡಿ ತೆಗೆಯುವ ವಸ್ತು. ಇಲ್ಲಿ ಮಣ್ಣಿನ ಮೇಲ್ಪದರದಲ್ಲೇ ಚೂರುಚೂರಾಗಿ ಸಿಗುತ್ತೆ ಅನ್ನುವುದು ಅವರಿಗೆ ಇವತ್ತಿಗೂ ತಮಾಷೆ. ಹಾಗೆ ನೋಡಿದರೆ ಎರಡೂ ಕಡೆ ಬಂಗಾರ ಇರುವುದು 250 ಕೋಟಿ ವರ್ಷಕ್ಕಿಂತ ಹಳೆಯ, ಒಂದೇ ಥರದ ಹಸಿರು ಕಲ್ಲಿನ ಪಟ್ಟಿಗಳಲ್ಲಿ. ಕಾಗದ ಪತ್ರದ ಕೆಲಸ ಅವರೇ ಮಾಡುತ್ತಾರೆ: ಬಂಗಾರ ಹುಡುಕೋಕೆ ಸರ್ಕಾರ ಕೊಡುವ ಮೈನರ್ಸ್ ರೈಟ್ ಅನ್ನುವ ಪರವಾನಗಿ ಚೀಟಿ, ಬೇರೆಯವರ ಲೀಸ್ ಇದ್ದರೆ ಅವರ ಒಪ್ಪಿಗೆ, ದನ ಸಾಕುವ ಸ್ಟೇಷನ್ ಜಾಗವಾದರೆ ಅವರಿಗೆ ಮೊದಲೇ ಒಂದು ಫೋನು. ಆ ಫೋನು ಬರೀ ಮರ್ಯಾದೆಗೆ ಮಾಡುವುದಲ್ಲ. ಯಾವ ದಾರಿಯಲ್ಲಿ ಜೇಡಿಮಣ್ಣಿದೆ, ಯಾವ ದಿಬ್ಬ ಮಳೆಯಲ್ಲೂ ಗಟ್ಟಿ ಅನ್ನುವುದು ಯಾವ ಮ್ಯಾಪಿನಲ್ಲೂ ಇರಲ್ಲ. ಅದು ಸ್ಟೇಷನ್ನಿನವರಿಗೆ ಮಾತ್ರ ಗೊತ್ತು.

ಈ ಸಲ ನಾವು ಹೊರಟಿದ್ದು ಮೆಂಜೀಸ್ ಮತ್ತು ಲಿಯೊನೋರಾ ನಡುವಿನ ಜಾಗಕ್ಕೆ. ಪರ್ತ್‌ನಿಂದ ಕಾಲ್ಗೂರ್ಲಿಗೇ ಸುಮಾರು 600 ಕಿಲೋಮೀಟರ್. ಅಲ್ಲಿಂದ ಉತ್ತರಕ್ಕೆ ಇನ್ನೂ ನೂರೈವತ್ತರ ಮೇಲೆ, ಆಮೇಲೆ ಮಣ್ಣಿನ ದಾರಿ.

ನೀರಿನ ಲೆಕ್ಕ ನಡೆಯುವುದು ಅವರ ಮನೆ ಗ್ಯಾರೇಜಿನಲ್ಲಿ. ಒಬ್ಬರಿಗೆ ದಿನಕ್ಕೆ 10 ಲೀಟರ್. ಕುಡಿಯೋಕೆ, ಅಡುಗೆಗೆ, ಕೈಕಾಲು ಮುಖಕ್ಕೆ ಎಲ್ಲ ಸೇರಿ. ಇಬ್ಬರಿಗೆ 20. ಒಂದು ವಾರದ ಪ್ಲಾನ್ ಆದರೆ 140. ಸಾಮಾನ್ಯವಾಗಿ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಭಾವ ನಿಲ್ಲಿಸಲ್ಲ. ಸಿಕ್ಕಿಹಾಕಿಕೊಂಡರೆ ಅಂತ ಇನ್ನೂ ಮೂರು ದಿನದ್ದು ಸೇರಿಸಿ 200 ಲೀಟರ್ ಮಾಡುತ್ತಾರೆ. ಅಂದರೆ ಗಾಡಿ ಮೇಲೆ 200 ಕೆಜಿ ನೀರೇ ಆಯ್ತು. ಅದನ್ನು ಒಂದೇ ಟ್ಯಾಂಕಿಗೆ ತುಂಬುವ ಹಾಗಿಲ್ಲ. 20 ಲೀಟರಿನ ಹತ್ತು ಕ್ಯಾನು. ಕೆಟ್ಟ ದಾರಿಯಲ್ಲಿ ಕುಲುಕಾಡಿ ಒಂದು ಒಡೆದರೆ ಒಂದೇ ಹೋಗುತ್ತೆ, ಉಳಿದ ಒಂಬತ್ತು ಇರುತ್ತೆ. ಪ್ರತಿ ಕ್ಯಾನಿನ ಮುಚ್ಚಳ ತಿರುಗಿಸಿ, ಮಗುಚಿ ಹಾಕಿ, ಕೆಳಗೆ ಪೇಪರ್ ಹಾಸಿ ರಾತ್ರಿ ಪೂರ್ತಿ ಬಿಡುತ್ತಾರೆ. ಬೆಳಿಗ್ಗೆ ಪೇಪರಿನ ಮೇಲೆ ಒದ್ದೆ ಗುರುತು ಕಂಡರೆ ಆ ಕ್ಯಾನು ಔಟು.

ಊಟವೂ ನೀರಿನ ಲೆಕ್ಕದಲ್ಲೇ ಬರುತ್ತೆ. ಅನ್ನ, ಸಾರು ಅಂದರೆ ತೊಳೆಯೋಕೆ ನೀರು, ಬೇಯಿಸೋಕೆ ನೀರು, ಕೊನೆಗೆ ತಳ ಹಿಡಿದ ಪಾತ್ರೆ ಉಜ್ಜೋಕೆ ನೀರು. ಇದಕ್ಕೆ ಹಟ್ಟಿ ಕಡೆಯ ಅಡುಗೆಮನೆಯಲ್ಲಿ ಮೊದಲಿನಿಂದಲೂ ಉತ್ತರ ಇದೆ, ಅಲ್ವಾ? ಖಡಕ್ ರೊಟ್ಟಿ. ಅಕ್ಕ ಜೋಳದ ರೊಟ್ಟಿ ಬಡಿದು, ಒಣಗಿಸಿ, ಹಳೆಯ ಪಂಚೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದ್ದಳು. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಉಪ್ಪಿನಕಾಯಿ. ತಿಂಗಳಾದರೂ ಕೆಡಲ್ಲ, ಫ್ರಿಜ್ ಬೇಡ, ತಟ್ಟೆಯೂ ಬೇಡ. ಹಳೇ ಮೈಸೂರು ಕಡೆ ಬೆಳೆದ ನನ್ನ ಪಾಲಿಗೆ ಗೊಜ್ಜವಲಕ್ಕಿ ಪುಡಿ. ಟಿನ್ ಬೀನ್ಸ್ ಒಂದಷ್ಟು ತಗೊಂಡೆವು. ಯಾರೂ ಮುಟ್ಟಲಿಲ್ಲ ಅನ್ನುವುದು ಬೇರೆ ಮಾತು.

ಕಾಲ್ಗೂರ್ಲಿ ದಾರಿಯಲ್ಲಿ ಹೆದ್ದಾರಿ ಪಕ್ಕದಲ್ಲೇ ಒಂದು ದಪ್ಪ ಪೈಪು ಕಾಣುತ್ತಿರುತ್ತೆ. 1892ರಲ್ಲಿ ಕೂಲ್ಗಾರ್ಡಿಯಲ್ಲಿ, 1893ರಲ್ಲಿ ಕಾಲ್ಗೂರ್ಲಿಯಲ್ಲಿ ಬಂಗಾರ ಸಿಕ್ಕಾಗ ಸಾವಿರಾರು ಜನ ನುಗ್ಗಿದರು. ನೀರು ಇರಲಿಲ್ಲ. ಉಪ್ಪುಕೆರೆಗಳ ನೀರನ್ನು ಕುದಿಸಿ, ಆವಿ ಹಿಡಿದು ತಣಿಸಿ, ದುಡ್ಡಿಗೆ ಮಾರುತ್ತಿದ್ದರು. ಟೈಫಾಯ್ಡ್‌ನಿಂದ ಸತ್ತವರು ಬಹಳ ಮಂದಿ. ಮಣ್ಣು ತೊಳೆದು ಬಂಗಾರ ಬೇರೆ ಮಾಡೋಕೆ ನೀರೇ ಇಲ್ಲದ ಕಾರಣ ಗಾಳಿಗೆ ತೂರಿ ಬೇರೆ ಮಾಡುತ್ತಿದ್ದರು. ಸಿ.ವೈ. ಓ'ಕಾನರ್ ಎಂಬ ಎಂಜಿನಿಯರ್ ಪರ್ತ್ ಹತ್ತಿರದ ಮುಂಡೇರಿಂಗ್‌ನಿಂದ 500 ಕಿಲೋಮೀಟರಿಗೂ ದೂರ ಪೈಪು ಹಾಕಿಸಿದರು. 1903ರ ಜನವರಿಯಲ್ಲಿ ನೀರು ತಲುಪಿತು. ಅದನ್ನು ನೋಡೋಕೆ ಅವರೇ ಇರಲಿಲ್ಲ, 1902ರಲ್ಲೇ ತೀರಿಕೊಂಡಿದ್ದರು. ಆ ಪೈಪಿನ ನೀರು ಇವತ್ತಿಗೂ ಬರುತ್ತಿದೆ.

ಕ್ಯಾಂಪ್ ಹಾಕಿದ್ದು ಸ್ಟೇಷನ್ನಿನವರು ಹೇಳಿದ ಕಬ್ಬಿಣಗಲ್ಲಿನ ದಿಬ್ಬದ ಮೇಲೆ. ಸುತ್ತ ಮುಲ್ಗಾ ಗಿಡ. ಅದರ ಒಣ ಮೋಟುಗಳು ಟೈರಿನ ಪಕ್ಕಕ್ಕೆ ಚುಚ್ಚಿದರೆ ಪಂಕ್ಚರ್ ಹಾಕೋಕೂ ಬರಲ್ಲ. ಅದಕ್ಕೇ ಸ್ಟೆಪ್ನಿ ಎರಡು. ಹಳ್ಳದ ಪಾತ್ರದಲ್ಲಿ ಮರಳು ಮೆತ್ತಗೆ ಇರುತ್ತೆ, ನೆರಳೂ ಇರುತ್ತೆ, ಅಲ್ಲೇ ಮಲಗೋಣ ಅನಿಸುತ್ತೆ. ಭಾವ ಅತ್ತ ನೋಡಲೂ ಬಿಡಲಿಲ್ಲ. ಗಾಡಿಯ ಮೂತಿಯೂ ಹೊರಗಿನ ದಾರಿಯ ಕಡೆಗೇ ಇರಬೇಕು.

ದಿಬ್ಬದ ಕೆಳಗೆ ತುಕ್ಕು ಹಿಡಿದ ಡಬ್ಬಗಳ ರಾಶಿ ಇತ್ತು. ನೂರು ವರ್ಷದ ಹಿಂದಿನವರು ತಿಂದು ಎಸೆದ ಟಿನ್ನುಗಳು. ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದವು. ಡಿಟೆಕ್ಟರಿಗೆ ಇದು ದೊಡ್ಡ ಕಾಟ. ಚಪ್ಪಲಿ ಮೊಳೆ, ತಂತಿ ಚೂರು, ಸೀಸದ ಗುಂಡು ಎಲ್ಲಕ್ಕೂ ಕೂಗುತ್ತೆ. ಅಗೆದದ್ದರಲ್ಲಿ ಮುಕ್ಕಾಲು ಪಾಲು ಮೊಳೆಯೇ. ಆದರೂ ಡಬ್ಬದ ರಾಶಿ ಕಂಡರೆ ಖುಷಿ. ಅವರು ಅಲ್ಲಿ ಕೂತು ಉಂಡಿದ್ದಾರೆ ಅಂದರೆ ಹತ್ತಿರದಲ್ಲೇ ಏನೋ ಸಿಕ್ಕಿರಬೇಕು.

ಮಳೆಯ ಸುದ್ದಿ ಬಂದಿದ್ದು ಅಕ್ಕನಿಂದ. ಊರು ದಾಟಿದ ಸ್ವಲ್ಪ ಹೊತ್ತಿಗೆ ಫೋನಿನ ನೆಟ್‌ವರ್ಕ್ ಸತ್ತಿರುತ್ತೆ. ಹಾಗಾಗಿ ಸ್ಯಾಟಲೈಟ್ ಮೆಸೆಂಜರ್ ಒಂದು, ಪ್ರಾಣಕ್ಕೆ ಬಂದರೆ ಒತ್ತೋಕೆ ತುರ್ತು ಬೀಕನ್ ಒಂದು. ದಿನಾ ಸಂಜೆ ಅಕ್ಕ ಹವಾಮಾನ ಇಲಾಖೆಯ ಅಂಕಿ ನೋಡಿ ಎರಡೇ ಸಾಲು ಕಳಿಸಬೇಕು ಅಂತ ಒಪ್ಪಂದ. ಆ ಸಂಜೆ ಬಂದಿದ್ದು: "ಬುಧ 4–15, ಗುರು 8–25."

ಇಲ್ಲಿನ ಮುನ್ಸೂಚನೆಯಲ್ಲಿ ಎರಡು ಅಂಕಿ ಕೊಡುತ್ತಾರೆ, ಮಿಲಿಮೀಟರಿನಲ್ಲಿ. ದೊಡ್ಡ ಅಂಕಿಗಿಂತ ಜಾಸ್ತಿ ಸುರಿಯುವ ಸಂಭವ ನಾಲ್ಕರಲ್ಲಿ ಒಂದು. ಜನ ಚಿಕ್ಕದನ್ನು ನೋಡಿ ಸಮಾಧಾನ ಮಾಡಿಕೊಳ್ಳುತ್ತಾರೆ. ಭಾವ ದೊಡ್ಡದನ್ನು ಮಾತ್ರ ಓದುತ್ತಾರೆ. 25 ಮಿಲಿಮೀಟರ್ ಅಂದರೆ ಆಗುಂಬೆಯವರು ಕೊಡೆಯನ್ನೂ ಬಿಚ್ಚಲಿಕ್ಕಿಲ್ಲ. ಆದರೆ ಕಾಲ್ಗೂರ್ಲಿಗೆ ವರ್ಷಕ್ಕೆ ಬೀಳುವುದೇ 265ರ ಆಸುಪಾಸು. ನೀರು ಕುಡಿಯದ ಕೆಂಪು ಜೇಡಿ ನೆಲಕ್ಕೆ ಆ 25ರಲ್ಲಿ ಅರ್ಧ ಮಳೆ ಸಾಕು, ಗಾಡಿ ಜಾರಿ ಅಡ್ಡ ನಿಲ್ಲುತ್ತೆ. ದೊಡ್ಡ ರಸ್ತೆಗೂ ನಮಗೂ ನಡುವೆ ಅಂಥ ನೆಲವೇ ಇತ್ತು.

ಎರಡೇ ದಾರಿ. ಆ ರಾತ್ರಿಯೇ ಹೊರಡಬೇಕು, ಇಲ್ಲ ಕೂತು ಮುಗಿಸಬೇಕು. ಭಾವ ಟಾರ್ಚ್ ಹಿಡಿದು ಕ್ಯಾನು ಎಣಿಸಿದರು, ಡೀಸೆಲ್ ನೋಡಿದರು, ರೊಟ್ಟಿ ಡಬ್ಬಿ ಅಲ್ಲಾಡಿಸಿದರು. "ಕೂಡೂಣು" ಅಂದರು. ಅಕ್ಕನಿಗೆ ಮೆಸೇಜ್ ಹೋಯಿತು: ಬರುವುದು ತಡ, ನೀರು ಇದೆ, ಪೊಲೀಸರಿಗೆ ಹೇಳುವ ಗಡುವು ಮೂರು ದಿನ ಮುಂದಕ್ಕೆ. ಇಷ್ಟರೊಳಗೆ ಬರದಿದ್ದರೆ ಪೊಲೀಸರಿಗೆ ಹೇಳು ಅನ್ನುವ ಆ ಗಡುವನ್ನು ಹೊರಡುವಾಗಲೇ ಬರೆದು ಮನೆಯ ಫ್ರಿಜ್ಜಿಗೆ ಅಂಟಿಸಿರುತ್ತೇವೆ. ಅದನ್ನು ಬದಲಾಯಿಸದೆ ಸುಮ್ನೆ ಕೂತರೆ ಪಾಪ ಯಾರೋ ಹೆಲಿಕಾಪ್ಟರ್ ಹತ್ತಬೇಕಾಗುತ್ತೆ.

ಬುಧವಾರ ಮಧ್ಯಾಹ್ನ ಶುರುವಾಗಿದ್ದು ಶುಕ್ರವಾರ ಬೆಳಿಗ್ಗೆ ನಿಂತಿತು. ನಾನು ಅಂದಾಜು ಮಾಡದೆ ಇದ್ದದ್ದು ಚಳಿ. ಒದ್ದೆ ಗಾಳಿಯಲ್ಲಿ ಹಗಲೂ ಹತ್ತು ಡಿಗ್ರಿ ದಾಟಲಿಲ್ಲ. ಸೌದೆ ನೆನೆದು ಗ್ಯಾಸ್ ಒಂದೇ ಗತಿ. ಮೋಡ ಕವಿದು ಸೋಲಾರ್ ಪ್ಯಾನಲ್ ಇದ್ದೂ ಇಲ್ಲದಂತೆ. ಗಾಡಿಯ ಫ್ರಿಜ್ ಆರಿಸಿ ಕರೆಂಟನ್ನು ಮೆಸೆಂಜರಿಗೆ ಮೀಸಲಿಟ್ಟೆವು. ಟಾರ್ಪಾಲಿನ ಒಂದು ಮೂಲೆ ಇಳಿಸಿ ಕಟ್ಟಿ ಬಕೆಟ್ ಇಟ್ಟರೆ ಅರ್ಧ ಗಂಟೆಗೆ ತುಂಬುತ್ತಿತ್ತು. ಪಾತ್ರೆಗೆ, ಸ್ನಾನಕ್ಕೆ ಅದೇ. ಕ್ಯಾನಿನ ನೀರು ಬರೀ ಕುಡಿಯೋಕೆ. ಒಳ್ಳೆಯದು ಅಂದರೆ ನೊಣ ಇಲ್ಲ. ಅಲ್ಲಿಯ ನೊಣ ಕಂಡವರಿಗೇ ಈ ಸುಖ ಗೊತ್ತು.

ಮಳೆ ನಿಂತ ಮೇಲೆ ಡಿಟೆಕ್ಟರ್ ತೆಗೆಯಲಿಲ್ಲ. ಹಸಿ ನೆಲ, ಅದರಲ್ಲೂ ಉಪ್ಪು ಸೇರಿದ ನೆಲ, ಅದನ್ನು ಸುಮ್ಮನೆ ಗೊಣಗುವಂತೆ ಮಾಡುತ್ತೆ. ಬದಲಿಗೆ ಕೈ ಬೆನ್ನಿಗೆ ಕಟ್ಟಿಕೊಂಡು, ಸೂರ್ಯನಿಗೆ ಮುಖ ಮಾಡಿ, ನೆಲ ನೋಡುತ್ತಾ ನಡೆದೆವು. ಧೂಳು ತೊಳೆದುಹೋದ ಮೇಲೆ ಬಂಗಾರ ಕಣ್ಣಿಗೇ ಕಾಣುತ್ತೆ ಅಂತ ಇಲ್ಲಿನ ಹಳಬರು ಮಳೆಯ ಮರುದಿನ ಹೀಗೇ ಹುಡುಕುತ್ತಿದ್ದರಂತೆ. ಬಿಳಿಕಲ್ಲಿನ ಪಕ್ಕ ಮೆಂತ್ಯ ಕಾಳಿನಷ್ಟು ಒಂದು ಚೂರು ಭಾವನ ಕಣ್ಣಿಗೆ ಬಿತ್ತು. ನನಗೆ ಅಭ್ರಕದ ಮಿಂಚು ಬೇಕಾದಷ್ಟು ಸಿಕ್ಕಿತು.

ಅವತ್ತೇ ಹೊರಡೋಣ ಅಂದೆ. ಬಿಸಿಲು ಚೆನ್ನಾಗಿತ್ತು, ದಾರಿ ಒಣಗಿದ ಹಾಗೇ ಕಾಣುತ್ತಿತ್ತು. ಭಾವ ಕಬ್ಬಿಣದ ಸಲಾಕೆ ಹಿಡಿದು ಜೇಡಿನೆಲದ ತನಕ ನಡೆಸಿಕೊಂಡು ಹೋದರು. ಮೇಲೆ ಒಂದಿಂಚು ಬಿಳಚಿಕೊಂಡು ಬಿರಿದಿತ್ತು. ಸಲಾಕೆ ಒತ್ತಿದರೆ ಸರ್ರಂತ ಗೇಣು ಒಳಗೆ ಹೋಯಿತು. ಎಳೆದಾಗ ತುದಿಯಲ್ಲಿ ಕೆಂಪು ಕೆಸರು. ವಾಪಸ್ ಬರುವಷ್ಟರಲ್ಲಿ ನನ್ನ ಬೂಟು ಒಂದೊಂದು ಎರಡು ಕೆಜಿ ತೂಗುತ್ತಿತ್ತು. ಊರಿನ ಆಡಳಿತದವರು ದೊಡ್ಡ ರಸ್ತೆಯನ್ನೂ ಮುಚ್ಚಿದ್ದರು. ಮುಚ್ಚಿದ ರಸ್ತೆಯಲ್ಲಿ ಓಡಿಸಿದರೆ ದಂಡ ಹಾಕುತ್ತಾರೆ. ಹಾಕಬೇಕಾದ್ದೇ. ಹಸಿಯಲ್ಲಿ ಬಿದ್ದ ಚಕ್ರದ ಗುರುತು ಒಣಗಿ ಗಟ್ಟಿಯಾದರೆ ರಸ್ತೆ ಸಮ ಮಾಡುವ ಗ್ರೇಡರ್ ಬರುವ ತನಕ ಎಲ್ಲರಿಗೂ ಕಷ್ಟ.

ಅಕ್ಕನಿಂದ ರಸ್ತೆ ತೆರೆದ ಸುದ್ದಿ ಬಂದಾಗ ಭಾನುವಾರ. ಟೈರಿನ ಗಾಳಿ ಇಳಿಸಿ, ಸಲಾಕೆಯಿಂದ ಮತ್ತೊಮ್ಮೆ ಚುಚ್ಚಿ ನೋಡಿ, ನಿಧಾನಕ್ಕೆ ಹೊರಬಿದ್ದೆವು. ಬಂಗಾರ ಒಟ್ಟು ಎರಡು ಗ್ರಾಂ ಚಿಲ್ಲರೆ, ಡೀಸೆಲ್ ದುಡ್ಡೂ ಪೂರ್ತಿ ಹುಟ್ಟಲಿಲ್ಲ. ಮೂರು ಕ್ಯಾನು ನೀರು ಉಳಿದಿತ್ತು. ಭಾರ ಕಡಿಮೆಯಾಗಲಿ, ಚೆಲ್ಲಿಬಿಡೋಣ ಅಂದರೆ ಭಾವ ಕೇಳಲಿಲ್ಲ. ಟಾರು ರಸ್ತೆ ಸಿಕ್ಕಿ, ಮೆಂಜೀಸ್ ದಾಟಿ, ಕಾಲ್ಗೂರ್ಲಿಯ ಬಂಕಿನಲ್ಲಿ ಡೀಸೆಲ್ ಹಾಕಿಸುವಾಗಷ್ಟೇ ಒಂದು ಕ್ಯಾನು ತೆಗೆದು ಗಾಡಿಯ ಗಾಜು ತೊಳೆದರು. ನಾನು ಫೋನಿನಲ್ಲಿ ಮುಂದಿನ ಸಲದ ಪಟ್ಟಿ ಬರೆಯುತ್ತಿದ್ದೆ: ಗ್ಯಾಸ್ ಇನ್ನೆರಡು, ಉಣ್ಣೆ ಸಾಕ್ಸ್, ಟಿನ್ ಬೀನ್ಸ್ ಬೇಡ. "ಶೇಂಗಾ ಹಿಂಡಿ ಡಬಲ್ ಅಂತ ಬರಿ" ಅಂತ ಹೊರಗಿನಿಂದಲೇ ಕೂಗಿದರು.